ಸೋಪು ಕಂಡ ಅವರೆಕಾಳು

ಯಶವಂತಪುರದ ಕಾರ್ಖಾನೆಯಲ್ಲಿ ಎಂತೆಂಥ ಮೊಂಡು ಯಂತ್ರಗಳನ್ನು ದಾರಿಗೆ ತಂದ ಈ ವೀರಬಸಪ್ಪನಿಗೆ ಒಂದು ಅವರೆಕಾಳು ಸಾರು ಯಾವ ಲೆಕ್ಕ! "ಇವತ್ತಿನ ಅಡಗಿ ನಂದು!" ಎಂದು ಮನೆಯಲ್ಲಿ ಡಂಗುರ ಸಾರಿದೆ.

ಕಾರಣವಿತ್ತು. ನನ್ನ ಹೆಂಡತಿ ದಾನವ್ವ ಏನು ಮಾಡಿ ಬಡಿಸಿದರೂ ತಪ್ಪು ಹುಡುಕಿ ಹೆಸರಿಡುವುದು ನನ್ನ ಹುಟ್ಟುಗುಣ. ಅಂದು ಅವಳು ತಿರುಗಿಬಿದ್ದಳು.

"ನೀವ ಮಾಡಿ ತೋರಸ್ರಿ. ಕೆಟ್ಟರ, ಇನ್ನ ಮ್ಯಾಲೆ ನನ್ನ ಅಡಗಿಗೆ ಹೆಸರಿಡೂ ಹಂಗಿಲ್ಲ!"

"ಕೆಟ್ಟರ ತಾನ? ಮನಿ ಮಾಲಕರನ್ನೂ ಊಟಕ್ಕ ಕರೀತೀನಿ, ನೋಡ್ತಿರು!"

ಯಲಹಂಕದ ಸಂತೆಯಿಂದ ಚೀಲದ ತುಂಬ ಅವರೆಕಾಯಿ ತಂದೆ. ಸುಲಿಯಲು ಕೂತರೆ ಕೈಗೆಲ್ಲ ಅಂಟು, ಮೂಗಿಗೆ ಘಾಟು! ಬಾಗಲಕೋಟೆಯಲ್ಲಿ ಬೆಳೆದ ನನ್ನ ಮೂಗು ಇಂಥ ವಾಸನೆ ಕಂಡಿರಲಿಲ್ಲ. ಖಂಡಿತ ಹುಳದ ಔಷಧಿ! ಮಾರಿದವನಿಗೆ ಹಿಡಿಶಾಪ ಹಾಕಿ, ಸುಲಿದ ಕಾಳನ್ನು ಬಟ್ಟೆ ಸೋಪಿನ ಪುಡಿಯಲ್ಲಿ ನೆನೆಹಾಕಿ ಗಸಗಸ ತಿಕ್ಕಿದೆ.

"ರೀ, ಮಾಲಕರ ಮನ್ಯಾಗ ಒಂದ ಮಾತು ಕೇಳ್ರಲಾ" ಎಂದಳು ದಾನವ್ವ.

"ನನಗ ಬುದ್ಧಿ ಹೇಳಬ್ಯಾಡ!"

ಸಾರು ಕುದಿಯತೊಡಗಿದ್ದೇ ತಡ, ನೊರೆ ಉಕ್ಕಿತು! ಸೌಟಿನಲ್ಲಿ ತೆಗೆದಷ್ಟೂ ಉಕ್ಕಿತು. ಸ್ಟೌ ಆರಿತು. ಮತ್ತೆ ಹಚ್ಚಿದೆ, ಮತ್ತೆ ಆರಿತು. ಅಷ್ಟರಲ್ಲಿ ಮಾಲೀಕ ನರಸಿಂಹಯ್ಯನವರೂ ಅವರ ಹೆಂಡತಿ ಸುಬ್ಬಮ್ಮನವರೂ ಬಂದು ಕೂತೇಬಿಟ್ಟರು.

ಬಡಿಸಿದೆ. ಸುಬ್ಬಮ್ಮ ಮೂಗರಳಿಸಿ, "ಇದ್ಯಾಕಪ್ಪ, ಸೊಗಡೇ ಇಲ್ವಲ್ಲ? ಅವರೆಕಾಯಿ ಅಂದ್ರೆ ಆ ವಾಸ್ನೆಗೇ ಅಲ್ವಾ ಜನ ಬಾಯಿ ಬಾಯಿ ಬಿಡೋದು!" ಎಂದರು.

"ಆ ವಾಸನಿನಾ? ಸೋಪ್ ಹಾಕಿ ತೊಳದು ಕಳದೀನ್ರಿ!" ಎಂದೆ, ಎದೆಯುಬ್ಬಿಸಿ.

ನರಸಿಂಹಯ್ಯನವರು ಬಾಯಿಯವರೆಗೆ ಬಂದ ತುತ್ತನ್ನು ಮೆಲ್ಲಗೆ ತಟ್ಟೆಗೆ ಇಳಿಸಿದರು. "ಸೋಪಾ? ಇಂಗೂ ಮಾಡ್ತಾರಾ ಸಾಮಿ!"

"ಕೆಟ್ಟೈತಿ ಅಂತ ಒಪ್ಪಿಕೋರಿ" ಎಂದಳು ದಾನವ್ವ.

ಒಪ್ಪಿದರೆ ಹೆಸರಿಡುವ ಜೀವಮಾನದ ಹಕ್ಕೇ ಹೋಯಿತಲ್ಲ! "ಯಾರಂದ್ರು? ಅಮೃತ ಆಗೇತಿ!" ಎಂದು ಇನ್ನೆರಡು ಸೌಟು ಸುರಿದುಕೊಂಡೆ. ಗಂಟಲಲ್ಲಿ ಗುಳ್ಳೆ ಏಳುತ್ತಿದ್ದವು, ಕಣ್ಣಲ್ಲಿ ನೀರಾಡುತ್ತಿತ್ತು. ಆದರೂ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ! ಅತಿಥಿಗಳು ದಾನವ್ವ ಬಡಿದುಕೊಟ್ಟ ಜೋಳದ ರೊಟ್ಟಿ, ಶೇಂಗಾ ಚಟ್ನಿಯಲ್ಲಿ ಊಟ ಮುಗಿಸಿದರು.

ದಾನವ್ವ ಪಾತ್ರೆಯೊಳಗೆ ಇಣುಕಿದಳು. "ಅಷ್ಟು ರುಚಿ ಆಗೇತಂದ್ರ ಭಾಳ ಚಲೋ ಆತು. ಇನ್ನೂ ಅರ್ಧ ಪಾತ್ರಿ ಉಳದೈತಿ. ನಾಳೆ ನಿಮ್ಮ ಡಬ್ಬಿಗೂ ಅದನ್ನ ಕಟ್ಟತೀನ್ರಿ!"

ಎದ್ದು ನಿಂತೆ. ಮಾಲೀಕರ ಎದುರೇ ಕೈಮುಗಿದೆ.

"ದಾನವ್ವಾ, ನಿನ್ನ ಸಾರಿನಂಥ ಸಾರು ಮೂರು ಲೋಕದಾಗೂ ಇಲ್ಲ!"