ಅಟ್ಟದಿಂದ ಇಳಿದ ಡಿಸ್ಕುಗಳು

"ಅಟ್ಟದ ಮ್ಯಾಲಿರೋ ಹಳೇ ಡಿಸ್ಕು ಇಳಿಸಿ ಇವತ್ತೇ ಜೋಡಿಸು. ಭಾನುವಾರ ಆರಾಮಾಗಿ ಹರಿಹರಕ್ಕೆ ಹೋಗಿ ಹೆಣ್ಣು ನೋಡ್ಕಂಡು ಬಾ."

ಸಾಹುಕಾರ ಮುರುಗೇಶಪ್ಪ ಹೀಗೆಂದು ಊಟಕ್ಕೆ ಹೋದದ್ದೇ ತಡ, ಕೆಲಸದ ಹುಡುಗ ರವಿಚಂದ್ರ ಕೂತಲ್ಲೇ ಹರಿಹರ ತಲುಪಿಬಿಟ್ಟ.

ವಿನೋಬನಗರದ ಆ ಮದುವೆ ಸ್ಟುಡಿಯೋದಲ್ಲಿ ಊರವರ ತಾಳಿ, ಅಕ್ಷತೆ, ಬೀಗರ ಮುನಿಸು ಎಲ್ಲವೂ ಕಪಾಟಿನೊಳಗಿನ ಕಂಪ್ಯೂಟರ್ ಡಿಸ್ಕುಗಳ ಬಳಗದಲ್ಲಿದ್ದವು. ಒಂದು ಕೆಟ್ಟರೆ ಇನ್ನೊಂದರಲ್ಲಿರಲಿ ಎಂದು ಪ್ರತಿ ವಿಡಿಯೋದ ನಕಲನ್ನೂ ಅವು ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತಿದ್ದವು. ಅಂಗಡಿ ಬದಲಾಯಿಸಿದಾಗ ಬಿಚ್ಚಿಟ್ಟ ಕೆಲವು ಮಾತ್ರ ವರ್ಷಗಟ್ಟಲೆ ಅಟ್ಟದಲ್ಲಿ ನಿದ್ದೆ ಹೊಡೆದಿದ್ದವು. ಅಷ್ಟು ಕಾಲ ದೂರವಿದ್ದ ಡಿಸ್ಕನ್ನು ಪೂರ್ತಿ ಅಳಿಸಿಯೇ ಬಳಗಕ್ಕೆ ಸೇರಿಸಬೇಕು. ಇದು ರವಿಚಂದ್ರನಿಗೆ ಚೆನ್ನಾಗಿ ಗೊತ್ತಿತ್ತು.

ಅಂಗಡಿಯ ಮೆಟ್ಟಿಲ ಮೇಲೆ ಹೂ ಕಟ್ಟಿ ಮಾರುತ್ತಿದ್ದ ಕಾಳವ್ವನಿಗೂ ಹೇಗೋ ಗೊತ್ತಿತ್ತು. "ಬಾಳ ದಿನಕ್ಕೆ ಬಂದೋರನ್ನ ಸೀದಾ ಒಳಗೆ ಬಿಟ್ಕಬ್ಯಾಡಪ್ಪ, ಕಾಲು ತೊಳಸು. ಭಾನುವಾರ ಹುಡುಗಿಗೆ ಒಯ್ಯಾಕೆ ಮಲ್ಲಿಗಿ ನಾನೇ ಕಟ್ಟಿಕೊಡ್ತೀನಿ."

"ಆಯ್ತವ್ವಾ" ಎಂದು ರವಿಚಂದ್ರ ಡಿಸ್ಕುಗಳನ್ನು ಸಿಕ್ಕಿಸಿದ.

ಅವು ಗುಂಯ್ ಎಂದು ಎದ್ದವು. ಆ ಸದ್ದು ಮೆಲ್ಲಗೆ ತುಂಗಭದ್ರೆಯ ಸದ್ದಾಯಿತು. ದಂಡೆಯ ಮೇಲೆ, ಮೊಬೈಲಿನ ಫೋಟೋದಲ್ಲಷ್ಟೇ ಕಂಡಿದ್ದ ಯಶೋದಾ ನಡೆದು ಹೋಗುತ್ತಿದ್ದಳು. 'ಹಳೆಯದನ್ನು ಅಳಿಸಬೇಕೆ?' ಎಂದು ಪರದೆ ಕೇಳಿತು. ಅಷ್ಟರಲ್ಲಿ ಯಶೋದಾ ತಿರುಗಿ ನೋಡಿದಳು. ಅಂಥ ಹೊತ್ತಿನಲ್ಲಿ ಏನನ್ನಾದರೂ ಅಳಿಸಲು ಯಾರಿಗೆ ಮನಸ್ಸು ಬರುತ್ತದೆ? ಬೆರಳು 'ಬೇಡ' ಎಂಬಲ್ಲಿ ಬಿತ್ತು.

ಕಾಳವ್ವನ ನಗು ಕೇಳಿ ಎಚ್ಚರವಾಯಿತು. ಬಳಗಕ್ಕೆ ಹೊಸದಾಗಿ ಬಂದದ್ದನ್ನೆಲ್ಲ ತಾನೇ ತೋರಿಸುವ ಟೀವಿಯಲ್ಲಿ ರವಿಚಂದ್ರನೇ ನಿಂತಿದ್ದ. ಹೊಟ್ಟೆಗೆ ದಿಂಬು, ಹೆಗಲಿಗೆ ಶಲ್ಯ, ಬಾಯಲ್ಲಿ, ಆಲ್ಬಮ್ ಕೇಳಿ ಬಂದವರನ್ನು ಸಾಗಹಾಕುವ ಸಾಕ್ಷಾತ್ ಮುರುಗೇಶಪ್ಪನ ದನಿ: "ಈ ವಾರ ಆಗಂಗಿಲ್ರಿ, ಇನ್ನೂ ರೆಡಿ ಇಲ್ಲ. ಮುಂದಿನ ಸೋಮವಾರ ಬರ್ರಿ!"

ಎಂದೋ ತಮಾಷೆಗೆ ಮಾಡಿ, ಹೆದರಿ ಅಳಿಸಿಹಾಕಿದ್ದ ವಿಡಿಯೋ ಅದು. ಅಳಿಸಿದ ಸುದ್ದಿ ಅಟ್ಟಕ್ಕೆ ಮುಟ್ಟಿರಲಿಲ್ಲ. ದೇಶಾಂತರ ಹೋಗಿದ್ದ ದೊಡ್ಡಪ್ಪ ಬಂದು, ಎಂದೋ ಮಾರಿದ ಎಮ್ಮೆ ಎಲ್ಲಿ ಎಂದು ಕೇಳುವಂತೆ, ಹಳೇ ಡಿಸ್ಕುಗಳು ಅದನ್ನು ಉಳಿದವುಗಳಲ್ಲಿ ಹುಡುಕಿ, ಕಾಣದೆ ಮರುಗಿ, ತಮ್ಮಲ್ಲಿದ್ದ ನಕಲನ್ನು ಬಳಗಕ್ಕೆಲ್ಲ ಹಂಚಿದ್ದವು.

ರವಿಚಂದ್ರ ಅಳಿಸಿದ. ಇನ್ನೊಂದು ಡಿಸ್ಕು ತಂದುಕೊಟ್ಟಿತು. ಮತ್ತೆ ಅಳಿಸಿದ, ಮತ್ತೆ ಬಂತು. ಪಕ್ಕದ ಆಲ್ಬಮ್ ಬೈಂಡಿಂಗಿನ ಹಿದಾಯತ್ ಓಡಿಬಂದು "ಇನ್ನೊಂದ್ಸಲ ಹಾಕ್ರಿ!" ಎಂದ. ಅವನ ಬೆನ್ನಿಗೇ ಮುರುಗೇಶಪ್ಪ ನಿಂತಿದ್ದರು.

ಭಾನುವಾರವೂ ಹೋಯಿತು, ಕೆಲಸವೂ ಹೋಯಿತು ಎಂದುಕೊಂಡ ರವಿಚಂದ್ರ. ಸಾಹುಕಾರರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಲೇ, ನನಗಿಂತ ನೀನೇ ಚೊಲೋ ಹೇಳ್ತೀಯಲ್ಲೋ! ಇದನ್ನ ಹೇಳಿ ಹೇಳಿ ನಂಗೂ ಸಾಕಾಗೈತೆ. ಇನ್ಮ್ಯಾಲೆ ನನ್ನ ಫೋನು ನೀನೇ ಎತ್ತು, ಇದೇ ದನಿಯಾಗೆ."

"ಭಾನುವಾರ ರಜಾ, ಸಾವ್ಕಾರ್ರೆ?"

"ಹೋಗ್ ಬಾರೋ!"

ಸಂಜೆಯವರೆಗೂ ಆಲ್ಬಮ್ ಕೇಳುವವರ ಫೋನು. ಎಲ್ಲರಿಗೂ ಅದೇ ಉತ್ತರ. ನಾಲಿಗೆ ತನ್ನಷ್ಟಕ್ಕೆ ತಿರುಗತೊಡಗಿತು. ಡಿಸ್ಕುಗಳು ಗುಂಯ್‌ಗುಟ್ಟಿದವು, ಹೊಳೆ ಮತ್ತೆ ಹರಿಯಿತು, ಯಶೋದಾ ಮತ್ತೆ ತಿರುಗಿದಳು. ಫೋನು ಬಂತು.

"ಸಾವ್ಕಾರ್ರಾ? ಹರಿಹರದಿಂದ ಹುಲಿಯಪ್ಪ, ಯಶೋದನ ತಂದೆ. ನಿಮ್ಮ ಹುಡುಗ ರವಿಚಂದ್ರ ಭಾನುವಾರ ಬರ್ತಾನಂತಲ್ರಿ. ಹೆಂಗದಾನ್ರಿ, ಮದುವೆಗೆ ಮನಸೈತೇನು?"

"ಈ ವಾರ ಆಗಂಗಿಲ್ರಿ" ಎಂದ ರವಿಚಂದ್ರ, ಅರೆಗಣ್ಣಿನಲ್ಲಿ ಅವಳನ್ನೇ ನೋಡುತ್ತ. "ಇನ್ನೂ ರೆಡಿ ಇಲ್ಲ. ಮುಂದಿನ ಸೋಮವಾರ ಬರ್ರಿ."

ಆ ಕಡೆ ಫೋನು ಟಕ್ಕೆಂದಿತು. ರವಿಚಂದ್ರನ ಕಣ್ಣು ಈಗ ಪೂರ್ತಿ ತೆರೆಯಿತು.

ಮೆಟ್ಟಿಲಿನಿಂದ ಕಾಳವ್ವ ಇಣುಕಿದಳು. "ಹಂಗಾರೆ ಮಲ್ಲಿಗಿ ಸೋಮವಾರಕ್ಕೆ ಕಟ್ಲೇನಪ್ಪಾ?"