ಮೂರು ಧರ್ಮ, ಒಬ್ಬ ನಾಸ್ತಿಕ, ಒಂದು ಆಫೀಸು

ಬೇರೆ ಬೇರೆ ಧರ್ಮದವರು ಒಂದೇ ಮೇಜಿನ ಸುತ್ತ ಕೂತರೆ ಜಗಳ ಆಗುತ್ತೆ ಅಂತ ಜನ ಹೆದರ್ತಾರೆ. ಅಂಥ ಆಫೀಸಿನಲ್ಲೇ ವರ್ಷಗಟ್ಟಲೆ ಕೆಲಸ ಮಾಡಿದವಳು ನಾನು. ಜಗಳ ಆಗಲ್ಲ, ಮೀಟಿಂಗ್ ಆಗುತ್ತೆ. ಜಗಳವಾದರೂ ಯಾವತ್ತೋ ಒಂದು ದಿನ ಮುಗಿಯುತ್ತೆ.

ಎಲ್ಲ ಧರ್ಮದವರೂ ಒಟ್ಟಾಗಿ ಹೋಗಿ ಸರ್ಕಾರದ ಮುಂದೆ ಜನರ ಬೇಡಿಕೆ ಇಡಬೇಕು, ಒಳ್ಳೆ ಕಾನೂನು ಮಾಡಿಸಬೇಕು ಅನ್ನೋದು ನಮ್ಮ ಸಂಸ್ಥೆಯ ಗುರಿ. ಆರ್.ಟಿ. ನಗರದಲ್ಲಿ ಬೇಕರಿ ಮೇಲಿನ ಮಹಡಿಯಲ್ಲಿ ಆಫೀಸು. ಸಮಿತಿಯಲ್ಲಿ ರಾಜಾನುಕುಂಟೆ ಕಡೆಯ ಸಣ್ಣ ಮಠದ ಸ್ವಾಮೀಜಿ, ಒಬ್ಬರು ಫಾದರ್, ಒಬ್ಬರು ಮೌಲ್ವಿ ಸಾಹೇಬರು. ಇವರನ್ನೆಲ್ಲ ನಡೆಸೋ ನಿರ್ದೇಶಕರು ನಿವೃತ್ತ ಪ್ರೊಫೆಸರು, ಪರಮ ನಾಸ್ತಿಕರು. ನಾನು ಸಂಯೋಜಕಿ. ಅಂದರೆ ಕುರ್ಚಿ ಹಾಕೋಳು, ಮೈಕು ಬಾಡಿಗೆಗೆ ತರಿಸೋಳು, ನಗು ಬಂದಾಗ ಕೆಮ್ಮೋಳು.

೧. ಎಂಥಾ ಪಾಲಿಸಿ?

ಕೆಲಸಕ್ಕೆ ಸೇರಿದ ಹೊಸತು. ವಿದ್ಯಾರಣ್ಯಪುರದಲ್ಲಿ ನಮ್ಮ ಪಕ್ಕದ ಮನೆ ಆಂಟಿ ಬಸ್ ಸ್ಟಾಪಿನಲ್ಲಿ ನನ್ನನ್ನು ಹಿಡಿದರು.

"ಏನಮ್ಮ, ಎಲ್ಲೋ ಕೆಲ್ಸಕ್ಕೆ ಸೇರ್ಕೊಂಡ್ಯಂತೆ?"

"ಹೂಂ ಆಂಟಿ. ಪಬ್ಲಿಕ್ ಪಾಲಿಸಿ."

"ಅಯ್ಯೋ, ನಮ್ಮನೆಯವರು ಆಗ್ಲೇ ಎರಡು ಮಾಡ್ಸಿದಾರೆ ಕಣಮ್ಮ. ಇನ್ನೊಂದು ಕೇಳ್ಬೇಡ."

ಇದು ಇನ್ಶೂರೆನ್ಸ್ ಅಲ್ಲ ಅಂತ ಸಮಾಧಾನವಾಗಿ ಬಿಡಿಸಿ ಹೇಳಿದೆ. ಜನರ ಕಷ್ಟ ಕೇಳ್ತೀವಿ, ಎಲ್ಲ ಧರ್ಮದವರನ್ನೂ ಸೇರಿಸಿ ಸರ್ಕಾರದ ಹಿಂದೆ ಬೀಳ್ತೀವಿ, ಬಿಡದೆ ಕೇಳ್ತಾನೇ ಇರ್ತೀವಿ, ಮುಂದೆ ಯಾವತ್ತೋ ಕಾನೂನು ಬರುತ್ತೆ ಅಂದೆ.

"ಅಂದ್ರೆ ಈಗಿಂದ ಕಟ್ತಾ ಹೋಗೋದು, ಮುಂದೆ ಯಾವತ್ತೋ ಸಿಗೋದು. ತಾನೆ?"

"ಹೆಚ್ಚು ಕಮ್ಮಿ ಹಂಗೇ."

"ಮತ್ತೆ ಇನ್ಶೂರೆನ್ಸ್ ಅಲ್ಲ ಅಂತೀಯ! ಮೆಚ್ಯೂರ್ ಯಾವಾಗ ಆಗುತ್ತೆ, ಅಷ್ಟು ಹೇಳು."

ಅಷ್ಟರಲ್ಲಿ ಬಸ್ ಬಂತು, ಬಚಾವಾದೆ. ಅವತ್ತೇ ಅದೇ ಪ್ರಶ್ನೆಯನ್ನ ನಿರ್ದೇಶಕರಿಗೆ ಕೇಳಿದೆ. ಬಹಳ ಮೂಲಭೂತವಾದ ಪ್ರಶ್ನೆ ಅಂತ ಮೆಚ್ಚಿಕೊಂಡು, ಉತ್ತರ ಹುಡುಕೋಕೆ ಒಂದು ಉಪಸಮಿತಿ ಮಾಡಿದರು.

೨. ಬಾಡಿಗೆಗೆ ಇದೆ

ಬೇಕರಿ ಮೇಲೆ ಜಾಗ ಸಿಗೋಕೆ ಮುಂಚೆ ನಾವು ಆಫೀಸಿಗಾಗಿ ಅಲೆಯದ ಬೀದಿ ಇಲ್ಲ. ಮೌಲ್ವಿ ಸಾಹೇಬರನ್ನ ಕರ್ಕೊಂಡು ಒಂದು ಮನೆಗೆ ಹೋದೆ. ಗೇಟಿನಲ್ಲಿ 'ಬಾಡಿಗೆಗೆ ಇದೆ' ಬೋರ್ಡು ನೇತಾಡ್ತಾ ಇತ್ತು. ಓನರು ಅವರ ಗಡ್ಡ ನೋಡಿ, "ಈಗ್ತಾನೇ ಅಡ್ವಾನ್ಸ್ ತಗೊಂಡ್ವಿ" ಅಂದರು. ಇನ್ನೊಂದು ಕಡೆ ಫಾದರ್ ಹೋದರು. "ಮಗಳ ಮದುವೆ ಆಗ್ಲಿ, ಆಮೇಲೆ ನೋಡೋಣ" ಅಂದರಂತೆ. ಮಗಳು ಅಲ್ಲೇ ಯೂನಿಫಾರ್ಮ್ ಹಾಕ್ಕೊಂಡು ಸೈಕಲ್ ಹೊಡೀತಾ ಇದ್ದಳಂತೆ. ಹಾಗಾದರೆ ಸ್ವಾಮೀಜಿಯನ್ನೇ ಕಳಿಸೋಣ ಅಂತ ಮೂರನೇ ಮನೆಗೆ ಕಳಿಸಿದೆವು. ಆ ಓನರು ಕಾಲಿಗೆ ಅಡ್ಡಬಿದ್ದು, ಹಾಲು ಹಣ್ಣು ಕೊಟ್ಟು, "ಬುದ್ಧಿ, ತಮ್ಮ ಹತ್ರ ಬಾಡಿಗೆ ಕೇಳಿದ್ರೆ ನಂಗೆ ಪಾಪ ಬರುತ್ತೆ. ಅದಕ್ಕೇ ಮನೆ ಕೊಡಲ್ಲ" ಅಂದರಂತೆ.

ಕೊನೆಗೆ ಅಟ್ಟೂರಿನಲ್ಲಿ ಒಬ್ಬರು ಸಿಕ್ಕರು. ಅಪ್ಪನ ಕಾಲದಲ್ಲಿ ರಾಗಿ ಬೆಳೀತಿದ್ದ ಹೊಲದಲ್ಲಿ ಈಗ ಬಿಲ್ಡಿಂಗ್ ಬೆಳೆಯೋರು. ನೇರವಾಗೇ ಕೇಳಿದರು.

"ನೀವು ಯಾವ ಜನ?"

"ಎಲ್ಲಾ ಜನ ಸಾರ್."

"ಇರ್ಲಿ ಬಿಡಿ, ನಾನು ಅದೆಲ್ಲ ನೋಡಲ್ಲ. ದುಡ್ಡಿಗೆ ಯಾವ ಜಾತಿ?"

ನನಗೆ ಕಣ್ಣಲ್ಲಿ ನೀರು ಬರೋದೊಂದು ಬಾಕಿ. ಇಡೀ ಉತ್ತರ ಬೆಂಗಳೂರಿಗೆ ಇವರೊಬ್ಬರೇ ಜಾತ್ಯತೀತರು ಅನ್ನಿಸಿತು.

"ಎಲ್ಲಾ ಸೇರ್ಕೊಂಡು ಏನ್ ಕೆಲ್ಸ ಮಾಡ್ತೀರಾ?"

"ಸರ್ಕಾರ ರೂಲ್ಸ್ ಪ್ರಕಾರ ನಡೀತಿದೆಯಾ ಅಂತ ನೋಡ್ತೀವಿ ಸಾರ್. ಅಧಿಕಾರಿಗಳು ಬಂದು ಹೋಗ್ತಾ ಇರ್ತಾರೆ."

ಅವರ ಮುಖ ಬಾಡಿತು. "ಬೇಡಮ್ಮ. ಜಾತಿ ಬೇಕಾದ್ರೆ ಅಡ್ಜಸ್ಟ್ ಮಾಡ್ಕೋತೀನಿ. ಅಧಿಕಾರಿಗಳು ಬರೋದು ಬೇಡ. ಮೇಲಿನ ಎರಡು ಫ್ಲೋರಿಗೆ ಪ್ಲಾನು ಪಾಸೇ ಆಗಿಲ್ಲ."

೩. ನಾಸ್ತಿಕರ ಟೈಮಿಂಗ್

ತಿಂಗಳ ಸಭೆ ಯಾವ ವಾರ ಇಟ್ಕೊಳ್ಳೋದು ಅಂತ ಚರ್ಚೆ. ಶುಕ್ರವಾರ ಮೌಲ್ವಿ ಸಾಹೇಬರಿಗೆ ನಮಾಜು. ಭಾನುವಾರ ಫಾದರಿಗೆ ಚರ್ಚು. ಸೋಮವಾರ ಸ್ವಾಮೀಜಿಗೆ ಮೌನವ್ರತ. "ಬರ್ತೀನಿ, ಆದ್ರೆ ಮಾತಾಡಲ್ಲ" ಅಂದರು. ಎಲ್ಲರೂ ಹಾಗೇ ಬರಬಾರದಾ ಅನ್ನಿಸಿತು ನನಗೆ.

"ಮಂಗಳವಾರ ಮೂರೂವರೆ?" ಅಂದರು ಫಾದರ್. ಮೂವರೂ ಒಪ್ಪಿದರು.

"ಅದು ಬೇಡ" ಅಂದರು ನಿರ್ದೇಶಕರು. "ಹೆಬ್ಬಾಳದಲ್ಲಿ ಟ್ರಾಫಿಕ್."

"ಹೆಬ್ಬಾಳದಲ್ಲಿ ಯಾವಾಗಿಲ್ಲ ಸಾರ್ ಟ್ರಾಫಿಕ್ಕು?" ಅಂದೆ. "ಸರಿ, ಬುಧವಾರ ಹನ್ನೆರಡೂವರೆ?"

"ಅದೂ ಬೇಡ."

"ಗುರುವಾರ ಎರಡು ಗಂಟೆ?"

"ಬೇಡವೇ ಬೇಡ!"

ಯಲಹಂಕದಲ್ಲೇ ಹುಟ್ಟಿ ಬೆಳೆದ ಮೌಲ್ವಿ ಸಾಹೇಬರು ಗೋಡೆ ಮೇಲಿದ್ದ ಕ್ಯಾಲೆಂಡರ್ ಕಡೆ ಒಂದು ಸಲ ನೋಡಿ, ಮೆತ್ತಗೆ ಕೇಳಿದರು. "ಪ್ರೊಫೆಸರ್ ಸಾಹೇಬ್ರೇ, ಮಂಗಳವಾರ ರಾಹುಕಾಲ ಮುಗಿಸ್ಕೊಂಡು ನಾಲ್ಕೂವರೆಗೆ ಇಟ್ಕೊಂಡ್ಬಿಡೋಣ್ವಾ?"

ನಿರ್ದೇಶಕರು ಕೆಂಪಗಾದರು. "ನೋಡಿ, ರಾಹು ಗೀಹು ನಾನು ನಂಬಲ್ಲ. ನಮ್ಮನೆಯವಳು ನಂಬ್ತಾಳೆ. ನಾನು ಅವಳಿಗೆ ಹೆದರ್ತೀನಿ, ಅಷ್ಟೆ."

ಸಭೆ ನಾಲ್ಕೂವರೆಗೆ ಸರಿಯಾಗಿ ಶುರುವಾಯಿತು. ಅವತ್ತಿನ ವಿಷಯ: ಶಾಲೆಗಳಲ್ಲಿ ವೈಜ್ಞಾನಿಕ ಮನೋಭಾವ.

೪. ಮುಚ್ಚಳ ತೆಗೆದ ಅತಿಥಿ

ಕೋಮು ಸೌಹಾರ್ದದ ಬಗ್ಗೆ ಒಂದು ಕಾರ್ಯಾಗಾರ ಮಾಡಿದೆವು. ಮುಖ್ಯ ಅತಿಥಿ ಒಬ್ಬ ದೊಡ್ಡ ಅಧಿಕಾರಿ. 'ಒಬ್ಬರನ್ನೊಬ್ಬರು ಅರಿಯೋಣ' ಅಂತ ಎಲ್ಲರೂ ಆಕಳಿಸೋ ತನಕ ಮಾತಾಡಿದರು. ಊಟದ ಹೊತ್ತಿಗೆ ನೇರ ಬಫೆ ಮೇಜಿಗೆ ಬಂದು ಪಾತ್ರೆಗಳ ಮುಚ್ಚಳ ಒಂದೊಂದೇ ತೆಗೆದು ನೋಡಿದರು. ಚಿತ್ರಾನ್ನ, ಪಲ್ಯ, ಮೊಸರನ್ನ.

"ಏನಮ್ಮ, ಸರ್ವಧರ್ಮದ ಕಾರ್ಯಕ್ರಮ ಅಂದ್ರಿ?"

"ಹೌದು ಸಾರ್."

"ಮೌಲ್ವಿಗಳು ಬೇರೆ ಬಂದಿದಾರೆ. ಬಿರಿಯಾನಿ ಎಲ್ಲಿ?"

ಹಿಂದೆ ತಟ್ಟೆ ಹಿಡಿದು ನಿಂತಿದ್ದ ಮೌಲ್ವಿ ಸಾಹೇಬರು ಸೌಟಿಗೆ ಕೈ ಹಾಕುತ್ತಾ ಅಂದರು. "ಸಾರ್, ನಂಗೆ ಗ್ಯಾಸ್ಟ್ರಿಕ್ಕು. ಮೊಸರನ್ನ ಬಿಟ್ಟು ಬೇರೇನೂ ಆಗಲ್ಲ. ಮುಂದಿನ ಸಲ ನೀವು ಅತಿಥಿಯಾಗಿ ಬೇಡ, ಕಾರ್ಯಾಗಾರದಲ್ಲಿ ಕಲಿಯೋಕೆ ಬನ್ನಿ."

೫. ಉದ್ಘಾಟನೆ

ರಾಜಾನುಕುಂಟೆ ಆಚೆಯ ಒಂದು ಹಳ್ಳಿ. ಕೆರೆ ಪಕ್ಕದಲ್ಲಿ ಮೊದಲಿಂದ ಹೆಣ ಹೂಳ್ತಿದ್ದ ಜಾಗಕ್ಕೆ ಲೇಔಟಿನವರು ಬೇಲಿ ಹಾಕಿಬಿಟ್ಟಿದ್ದರು. ಅಲ್ಲಿನ ಒಬ್ಬ ಅಜ್ಜಿಯ ಗಂಡ ತೀರಿಕೊಂಡಾಗ ಚಟ್ಟ ಹೊತ್ತುಕೊಂಡು ಒಂದು ಬೇಲಿಯಿಂದ ಇನ್ನೊಂದು ಬೇಲಿಗೆ ಅಲೆದು, ಕತ್ತಲಾಗೋ ಹೊತ್ತಿಗೆ ಯಾರದೋ ಹೊಲದ ಮೂಲೆಯಲ್ಲಿ ಮಣ್ಣು ಮಾಡಿದ್ದರು. ಆ ಅಜ್ಜಿ ಸ್ವಾಮೀಜಿ ಜೊತೆ ನಮ್ಮ ಆಫೀಸಿಗೆ ಬಂದು, "ಬದ್ಕಿರೋರ್ಗೆಲ್ಲ ಸೈಟ್ ಅಂಚ್ತಾವ್ರೆ. ಸತ್ತೋರ್ಗೆ ಒಂದಿಷ್ಟು ಜಾಗ ಕೊಡ್ಸಿ ಸ್ವಾಮಿ" ಅಂದಳು. ಆ ಭಾಗದ ಮುಸ್ಲಿಮರಿಗೂ ಕ್ರಿಶ್ಚಿಯನ್ನರಿಗೂ ಅದೇ ಪಾಡು.

ತಾಲ್ಲೂಕು ಆಫೀಸಿನಲ್ಲಿ ಮೊದಲ ಪ್ರಶ್ನೆ, "ಸ್ಮಶಾನ ಯಾವ ಧರ್ಮದ್ದು?"

"ಎಲ್ಲರದ್ದೂ."

"ಎಲ್ಲರದ್ದೂ ಅಂದ್ರೆ ಯಾರದ್ದೂ ಅಲ್ಲ. ಯಾವ್ದಾದ್ರೂ ಒಂದು ಹೇಳಿ."

ವರ್ಷಾನುಗಟ್ಟಲೆ ಅಲೆದೆವು. ಕೊನೆಗೊಂದು ದಿನ ಸ್ವಾಮೀಜಿ, ಫಾದರ್, ಮೌಲ್ವಿ ಸಾಹೇಬರು ಮೂವರೂ ಅಲ್ಲೇ ಬಾಗಿಲಿಗೆ ಅಡ್ಡ ನೆಲದ ಮೇಲೆ ಕೂತುಬಿಟ್ಟರು. ಒಬ್ಬರನ್ನ ಎಬ್ಬಿಸಿದರೆ ಒಂದು ಧರ್ಮಕ್ಕೆ ಕೋಪ ಬರುತ್ತೆ, ಮೂವರನ್ನೂ ಎಬ್ಬಿಸಿದರೆ ಚುನಾವಣೆಯೇ ಹೋಗುತ್ತೆ. ಜಾಗ ಮಂಜೂರಾಯಿತು. ಕಾಂಪೌಂಡ್ ಹಾಕಿಸಿದೆವು, ಹೊಂಗೆ ಸಸಿ ನೆಟ್ಟೆವು, ಬಂದವರು ಕೂರಲಿ ಅಂತ ಕಲ್ಲು ಬೆಂಚು ಹಾಕಿಸಿದೆವು.

ಉದ್ಘಾಟನೆಗೆ ಶಾಸಕರು ಬಹಳ ತಡವಾಗಿ ಬಂದರು. ಅವತ್ತೇ ಅವರಿಗೆ ಇನ್ನೊಂದು ಕಡೆ ಪಾರ್ಕಿನ ಉದ್ಘಾಟನೆಯೂ ಇತ್ತು. ಗಡಿಬಿಡಿಯಲ್ಲಿ ಅವರ ಪಿ.ಎ. ಕಾರಿನಿಂದ ಇಳಿಯುವಾಗ ಕಿವಿಯಲ್ಲಿ "ಪಾರ್ಕು ಸಾರ್" ಅಂದುಬಿಟ್ಟ. ಇವರು ಸಸಿ ನೋಡಿದರು, ಬೆಂಚು ನೋಡಿದರು, ನಂಬಿದರು. ಗೇಟಿನ ಫಲಕಕ್ಕೆ ಇನ್ನೂ ಬಟ್ಟೆ ಮುಚ್ಚಿತ್ತು. ಶಾಮಿಯಾನದ ಬ್ಯಾನರಿನಲ್ಲಿ ಅವರದೇ ಫೋಟೋ ಎಷ್ಟು ದೊಡ್ಡದಿತ್ತೆಂದರೆ ಕಾರ್ಯಕ್ರಮ ಯಾವುದು ಅಂತ ಬರೆಯೋಕೆ ಜಾಗವೇ ಉಳಿದಿರಲಿಲ್ಲ.

ಮೈಕ್ ಹಿಡಿದು ಶುರುಮಾಡಿದರು. "ಬಂಧುಗಳೇ, ಇಂಥ ತಂಪಾದ ಜಾಗ ಬೆಂಗಳೂರಲ್ಲಿ ಎಲ್ಲಿದೆ? ಮನೇಲಿರೋ ವಯಸ್ಸಾದೋರನ್ನ ಮೊದಲು ಇಲ್ಲಿಗೆ ಕಳಿಸಿ. ಒಂದ್ಸಲ ಬಂದೋರಿಗೆ ವಾಪಸ್ ಹೋಗೋ ಮನಸ್ಸೇ ಆಗಲ್ಲ!"

ವೇದಿಕೆ ಮೇಲೆ ಫಾದರ್ ಶಿಲುಬೆ ಗುರುತು ಮಾಡಿಕೊಂಡರು. ಮೌಲ್ವಿ ಸಾಹೇಬರು ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡರು. ಸ್ವಾಮೀಜಿಯ ಹೊಟ್ಟೆ ಕಾವಿಯೊಳಗೆ ಕುಣಿಯುತ್ತಿತ್ತು. ನಿರ್ದೇಶಕರು ಚೀಟಿ ಬರೆದು ಮುಂದೆ ಇಟ್ಟರು. ಶಾಸಕರು ಅದನ್ನ ನೋಡದೇ ಮಡಚಿ ಜೇಬಿಗೆ ಹಾಕಿಕೊಂಡರು.

"ಮಕ್ಕಳು ಆಡ್ಲಿ, ದಂಪತಿಗಳು ಜೋಡಿಯಾಗಿ ಬರ್ಲಿ. ಜಾಗ ಸಾಲದೇ ಹೋದ್ರೆ ನಂಗೆ ಹೇಳಿ, ಇನ್ನೆರಡು ಎಕರೆ ಕೊಡಿಸ್ತೀನಿ!"

ಮುಂದಿನ ಸಾಲಿನಲ್ಲಿ ಕೂತಿದ್ದ ಅಜ್ಜಿ ಎದ್ದು ನಿಂತಳು. "ಅಂಗಾರೆ ನೀವೂ ಬರ್ಬೇಕು ಸ್ವಾಮಿ. ಮೊದ್ಲು ನೀವೇ ಬರ್ಬೇಕು."

ಶಾಸಕರು ಎರಡೂ ಕೈ ಜೋಡಿಸಿದರು. "ಖಂಡಿತ ಬರ್ತೀನಿ ತಾಯಿ. ನಾನೊಬ್ನೇ ಅಲ್ಲ, ನಮ್ ಪಾರ್ಟಿ ಮುಖಂಡರನ್ನೆಲ್ಲ ಕರ್ಕೊಂಡ್ ಬರ್ತೀನಿ!"

ಚಪ್ಪಾಳೆ ಬಿತ್ತು ನೋಡಿ! ಹಿಂದೂ, ಮುಸ್ಲಿಂ, ಕ್ರೈಸ್ತ ಅನ್ನದೆ ಅಷ್ಟೂ ಜನ ಎದ್ದು ನಿಂತು, ಕೈ ಕೆಂಪಾಗೋ ಹಾಗೆ ಒಂದೇ ಮನಸ್ಸಿನಿಂದ ತಟ್ಟಿದ ಚಪ್ಪಾಳೆ ನಮ್ಮ ಸಂಸ್ಥೆಯ ಇತಿಹಾಸದಲ್ಲೇ ಅದೊಂದೇ.