ದಿಬ್ಬದ ಮೇಲಿನ ಮಹಾಸರೋವರ

ಬಾನಿನಲ್ಲಿ ಗರುಡನ ಬದಲು ಉಪಗ್ರಹಗಳು ಗಸ್ತು ತಿರುಗುತ್ತಿದ್ದ, ಭೂದೇವಿಯ ಮೈಯ ಒಂದೊಂದು ಮಚ್ಚೆಗೂ ಕಡತವೊಂದು ಹುಟ್ಟುತ್ತಿದ್ದ, ದತ್ತಾಂಶವೇ ಧನವೂ ಧರ್ಮವೂ ಆಗಿದ್ದ ಆ ಮಹಾಯುಗದಲ್ಲಿ, ಮುಗಳಿಕೊಪ್ಪವೆಂಬ ತಾಲೂಕು ಕೇಂದ್ರದ ಕೆರೆ ಕಚೇರಿಯ ಮೂಲೆಕೋಣೆಯೊಳಗೆ, ಮೂಷಕಹಸ್ತೆಯೂ ಉಪನೇತ್ರಾಲಂಕೃತೆಯೂ ಕೋಟಿಚೌಕಸಾಮ್ರಾಜ್ಯಾಧೀಶ್ವರಿಯೂ ಆದ ದಾಕ್ಷಾಯಣಿ ಅಂಗಡಿ ಎಂಬ ವೀರನಾರಿಯು ಗುತ್ತಿಗೆ ನೌಕರಿಯ ಮೇಲೆ ವಿರಾಜಿಸುತ್ತಿದ್ದಳು. ಎಲೈ ವಿದ್ಯುದ್ದೇವತೆಯೇ, ಈ ಕಥೆ ಮುಗಿಯುವ ತನಕವಾದರೂ ಹೋಗಬೇಡ! ಎಲೈ ಗಣಕಾಧಿದೇವತೆಯೇ, ನಡುದಾರಿಯಲ್ಲಿ ಕಲ್ಲಾಗಬೇಡ! ಆಕೆ ಕಂಡ ಕೆರೆಯನ್ನೂ, ಆ ಕೆರೆಗಾಗಿ ನಡೆದ ಘೋರ ಕದನವನ್ನೂ, ಕಡೆಗೆ ಆ ಕೆರೆಗೆ ಒದಗಿದ ಗತಿಯನ್ನೂ ಹೇಳಬೇಕಾಗಿದೆ.

ಉಪಗ್ರಹವು ತೆಗೆದು ಕಳಿಸುವ ನೆಲದ ಚಿತ್ರಕ್ಕೆ ಬಲ್ಲವರು ರಾಸ್ಟರ್ ಎನ್ನುತ್ತಾರೆ. ಲಕ್ಷೋಪಲಕ್ಷ ಪುಟ್ಟ ಚೌಕಗಳ ಹಾಸು ಅದು. ಒಂದೊಂದು ಚೌಕದ ಹೊಟ್ಟೆಯಲ್ಲೂ ಅಲ್ಲಿಯ ನೆಲದ ಬಣ್ಣ ಹೇಳುವ ಅಂಕಿಗಳು. ಆ ಅಂಕಿಗಳನ್ನು ವಿಚಾರಣೆಗೆ ಎಳೆದು, ಇಂತಿಷ್ಟು ಮಿತಿ ದಾಟಿದ್ದೆಲ್ಲ ನೀರೆಂದು ಎಣಿಸಿ, ನೀರಿದ್ದ ಚೌಕಕ್ಕೆ ಒಂದು, ಇಲ್ಲದ್ದಕ್ಕೆ ಸೊನ್ನೆ ಎಂದು ಹಣೆಬರಹ ಬರೆಯುವುದು ದಾಕ್ಷಾಯಣಿಯ ಕೆಲಸ. ಆಮೇಲೆ ಅಕ್ಕಪಕ್ಕದ ಒಂದುಗಳನ್ನೆಲ್ಲ ಕೂಡಿಸಿ, ಸುತ್ತ ಗೆರೆ ಎಳೆಸಿ, ಚೌಕಗಳ ಗುಂಪನ್ನು ಕೆರೆಯ ಎಲ್ಲೆಯಾಗಿ ಪರಿವರ್ತಿಸಬೇಕು. ಹಾಗೆ ಗೆರೆಯಾದ ಮೇಲೇ ಅದನ್ನು ಹೊಲಗಳ ನಕಾಶೆಯ ಮೇಲೆ ಹಾಸಿ, ಯಾವ ಕೆರೆಯನ್ನು ಯಾರು ನುಂಗಿದ್ದಾರೆಂದು ಸರಕಾರ ಕಣ್ಣು ಕೆಂಪಗೆ ಮಾಡುವುದು.

ಅಂದು ಮಧ್ಯಾಹ್ನ, ಪರದೆಯ ಮೇಲಿನ ಚಕ್ರವು ಕುಂಬಾರನ ಚಕ್ರಕ್ಕಿಂತ ನಿಧಾನವಾಗಿ ತಿರುಗಿ ತಿರುಗಿ ನಿಂತಾಗ, ತಾಲೂಕಿನ ಹಳೆಯ ಕೆರೆಗಳೆಲ್ಲ ತಮ್ಮ ತಮ್ಮ ಜಾಗದಲ್ಲಿ ಎದ್ದು ಕೂತವು. ಜೊತೆಗೆ, ಬೂದಿಹಾಳ ದಿಬ್ಬದ ಹತ್ತಿರ, ಯಾವ ದಫ್ತರದಲ್ಲೂ ಇಲ್ಲದ, ಯಾರೂ ಹೆಸರಿಡದ ಕೆರೆಯೊಂದು ಕಾಣಿಸಿತು. ಎಕರೆಯಷ್ಟಿತ್ತು. ದಾಕ್ಷಾಯಣಿಯ ಎದೆ ನಗಾರಿಯಾಯಿತು. ಇಷ್ಟು ವರ್ಷ ಆಕೆ ಮಾಡಿದ ನಕಾಶೆಗಳ ಕೆಳಗೆ ಸಾಹೇಬರ ಹೆಸರಿತ್ತು, ಇಲಾಖೆಯ ಹೆಸರಿತ್ತು, ಒಮ್ಮೆ ತಪ್ಪಿ ಪ್ರಿಂಟರ್ ಕಂಪನಿಯ ಹೆಸರೂ ಬಂದಿತ್ತು. ಆಕೆಯದು ಮಾತ್ರ ಬಂದಿರಲಿಲ್ಲ. ಕೆರೆ ಕಂಡುಹಿಡಿದವಳ ಹೆಸರನ್ನು ಬಿಡಲಾದೀತೇ?

ಅಷ್ಟರಲ್ಲಿ ಚಹಾಪಾನಪರಾಯಣನೂ ಲಂಬೋದರಸ್ಪರ್ಧಿಯೂ ಸಹಾಯಕ ಎಂಜಿನಿಯರನೂ ಆದ ಬಸವಂತರಾವ್ ದೇಸಾಯಿಯು ಕೋಣೆಯನ್ನು ಹೊಕ್ಕು, ಪರದೆಯನ್ನು ಕಂಡು, ಸಿಂಹನಾದಗೈದನು.

"ನೋಡ್ರಿ! ಮುಂಜಾನೆ ಯಾರು ಹೇಳಿದ್ರು, ‘ನೀರಿನ ಮಿತಿ ಒಂಚೂರು ಇಳಸ್ರಿ, ಸಣ್ಣ ಕೆರಿ ತಪ್ಪಿಸ್ಕೊಳ್ಳಾಕತ್ತಾವ’ ಅಂತ? ನಾನು! ಈ ಇಲಾಖಾಕ ನನ್ನ ತಲಿಕೂದ್ಲಾ ಕೊಟ್ಟೀನಿ. ಈ ತಾಲೂಕಿನ ಒಂದೊಂದು ಕೆರಿ ದಂಡಿಮ್ಯಾಗೂ ಬುತ್ತಿ ಬಿಚ್ಚೀನಿ. ಈ ಕೆರಿಗೆ ತಂದಿ ನಾನು!"

ವೀರನಾರಿಯು ಉಪನೇತ್ರವನ್ನು ಮೂಗಿನ ಮೇಲೇರಿಸಿ, ಕುರ್ಚಿಯ ಚಕ್ರಗಳನ್ನು ರಥಚಕ್ರಗಳಂತೆ ತಿರುಗಿಸಿ ಎದುರಾದಳು.

"ತಂದಿ ನೀವಿರಬಹುದ್ರಿ ಸರ್. ಹೆತ್ತಾಕಿ ನಾನು. ಬೆನ್ನು ಮುರ್ಕೊಂಡು ಕುಂತಾಕಿ ನಾನು. ಹೆರಿಗಿ ಹೊತ್ತಿನ್ಯಾಗ ನೀವು ಚಾ ಕುಡಿಯಾಕ ಹೋಗಿದ್ರಿ!"

ವಾಗ್ಬಾಣಗಳು ಆಕಾಶವನ್ನು ಮುಚ್ಚಿದವು. ಟೇಬಲ್ಲಿನ ಮೇಲಿನ ಗಾಜು ನಡುಗಿತು, ಕಿಟಕಿಯ ಪಾರಿವಾಳಗಳು ಪಕ್ಕದ ಖಜಾನೆ ಕಚೇರಿಗೆ ವಲಸೆ ಹೋದವು. ಕದನ ತಾರಕಕ್ಕೇರಿದಾಗ ದೊಡ್ಡ ಸಾಹೇಬರಾದ ಹಿರೇಗೌಡರು ಬಾಗಿಲಲ್ಲಿ ನಿಂತು, ಯಾರ ಪಕ್ಷವನ್ನೂ ವಹಿಸದೆ, ಕೆರೆಯನ್ನೇ ತಮ್ಮದಾಗಿ ಮಾಡಿಕೊಂಡರು.

"ಛಲೋ ಆತು. ನಾಳೆ ಜಿಲ್ಲಾ ಮೀಟಿಂಗಿನ್ಯಾಗ ನಾನ ಹೇಳ್ತೀನಿ. ಅದು ಯಾರ ಹೊಲದಾಗ ಐತಿ?"

ದಾಕ್ಷಾಯಣಿ ಎಲ್ಲೆಯ ಗೆರೆಯನ್ನು ಹೊಲದ ನಕಾಶೆಯ ಮೇಲಿಟ್ಟಳು. ನೀಲವ್ವ ಹಡಪದ ಎಂಬ ಹೆಸರು ಬಂತು.

"ಕೆರಿ ನುಂಗಿ ಕುಂತಾಳಂದಂಗಾತು. ಜಾಗಾ ಬಿಡು ಅಂತ ನೋಟೀಸ್ ಬರೀರಿ ದೇಸಾಯರ. ನಾಳೆ ಮುಂಜಾನೆ ಕೊಟ್ಟ ಬರ್ರಿ, ಮೀಟಿಂಗ್ ಮಧ್ಯಾಹ್ನ ಐತಿ."

ಯುದ್ಧ ಅಲ್ಲಿಗೇ ತಣ್ಣಗಾಗಬಹುದಿತ್ತು. ಆದರೆ ನೀಲವ್ವ ಎಂಬ ಆ ಹೆಸರು ದಾಕ್ಷಾಯಣಿಯ ಕಣ್ಣಿಗೆ ಕಸದಂತೆ ಬಿತ್ತು. ಅಲ್ಲಿಯ ತನಕ ಕೆರೆಯೆಂದರೆ ಚೌಕ, ಚೌಕವೆಂದರೆ ಅಂಕಿ. ಈಗ ಆ ಚೌಕದೊಳಗೆ ಯಾರೋ ಒಬ್ಬಾಕೆ ಕಸ ಗುಡಿಸುತ್ತಿರಬಹುದು. ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಕಂಡದ್ದು ನೀಲಿ ಮಸುಕು ಮಾತ್ರ. ಆಕೆ ಶ್ರಾವಣದ ರಾಸ್ಟರನ್ನೂ ವೈಶಾಖದ ರಾಸ್ಟರನ್ನೂ ಒಂದರ ಮೇಲೊಂದು ಹಾಸಿದಳು. ಉಳಿದ ಕೆರೆಗಳು ಮಳೆಗೆ ಉಬ್ಬಿ ಬಿಸಿಲಿಗೆ ಸೊರಗಿದ್ದವು. ಈ ಕೆರೆ ಉಬ್ಬಲೂ ಇಲ್ಲ, ಸೊರಗಲೂ ಇಲ್ಲ.

"ಸರ್, ಇದು ಬ್ಯಾಸಗ್ಯಾಗ ಒಂದ್ ಚೌಕಾನೂ ಕಡಿಮಿ ಆಗಿಲ್ರಿ."

"ಅಕ್ಷಯ ಸರೋವರ!" ಎಂದನು ದೇಸಾಯಿ. "ಪಾತಾಳಗಂಗೆ ಇರಬೇಕು."

"ನಾಲ್ಕೂ ಮೂಲಿ ಕಟ್ಟುನಿಟ್ಟು ಅದಾವ್ರಿ."

"ಹಂಗಂದ್ರ ರಾಜರು ಕಟ್ಟಿಸಿದ ಪುಷ್ಕರಣಿ! ಕೆಲಸಾ ಅಂದ್ರ ಅದು."

ಆಕೆ ಕಡೆಯ ಅಸ್ತ್ರವನ್ನು ಬತ್ತಳಿಕೆಯಿಂದ ತೆಗೆದಳು: ಒಂದೊಂದು ಚೌಕದಲ್ಲೂ ನೆಲದ ಎತ್ತರವನ್ನು ಹೊತ್ತ ಮತ್ತೊಂದು ರಾಸ್ಟರ್. ಅದರಿಂದ ಇಳಿಜಾರನ್ನು ಲೆಕ್ಕಿಸಿ ನೋಡಿದರೆ, ಸುತ್ತಲ ಹಳ್ಳಕೊಳ್ಳಗಳೆಲ್ಲ ಆ ಜಾಗದಿಂದ ದೂರಕ್ಕೆ ಓಡುತ್ತಿದ್ದವು. ಕೆರೆಯು ದಿಬ್ಬದ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕೂತಿತ್ತು.

"ದಿಬ್ಬದ ತುದೀಗೆ ನೀರು ನಿಂದರ್ತೈತೇನ್ರಿ ಸರ್?"

ದೇಸಾಯಿಯು ಪರದೆಗೆ ಬಾಗಿ ಇಳಿಜಾರಿನ ಗುಂಟ ಬೆರಳಾಡಿಸಿದನು. ಆತನಿಗೆ ಕೆರೆಗಳು ಗೊತ್ತಿದ್ದವು. ಗೊತ್ತಿದ್ದುದರಿಂದಲೇ ಮತ್ತೊಂದು ಪುಷ್ಕರಣಿಯನ್ನು ಕಟ್ಟಲಿಲ್ಲ. "ನೀವು ಸುಮ್ನಿದ್ರ ನಿಮ್ಮ ಹೆಸರೂ ಬರ್ತಿತ್ತಲ್ರಿ," ಎಂದನು, ತಗ್ಗಿದ ದನಿಯಲ್ಲಿ. "ನಕಾಶಿ ಕೆಳಗ ನಾನ ಹಾಕಸ್ತಿದ್ದೆ."

ದಾಕ್ಷಾಯಣಿ ನಕಾಶೆಯ ಕೆಳಗೆ ತನ್ನ ಹೆಸರು ಹೇಗೆ ಕಾಣುತ್ತಿತ್ತೆಂದು ಮನಸ್ಸಿನಲ್ಲೇ ನೋಡಿಕೊಂಡಳು, ಚೆಂದವೇ ಕಂಡಿತು. ಆಮೇಲೆ, "ನಾಳೆ ನಾನೂ ಬರ್ತೀನ್ರಿ," ಎಂದಳು.

ಮರುದಿನ ಮುಂಜಾನೆ, ಧೂಮೋದ್ಗಾರಭೀಷಣವಾದ ಇಲಾಖೆಯ ಜೀಪೆಂಬ ರಥವನ್ನೇರಿ ಇಬ್ಬರೂ ದಿಗ್ವಿಜಯಕ್ಕೆ ಹೊರಟರು. ಹಾದಿಯುದ್ದಕ್ಕೂ ದೇಸಾಯಿಯು ಆಶೆ ಬಿಡದೆ, "ನನ್ನ ಕೆರಿ, ನೋಡ್ರಿ ಬೇಕಾದ್ರ," ಎನ್ನುತ್ತಿದ್ದನು. ನೋಟೀಸು ಆತನ ಅಂಗಿಯ ಕಿಸೆಯಲ್ಲಿ ಖಡ್ಗದಂತೆ ಮಲಗಿತ್ತು. ದಿಬ್ಬ ಹತ್ತಿದ ರಥವು ಉಸಿರುಗಟ್ಟಿ ನಿಂತಾಗ ಎದುರಿಗೆ ಸರೋವರವು ಪ್ರತ್ಯಕ್ಷವಾಯಿತು. ನೀಲವರ್ಣದ್ದೇ. ಹೊಳೆಯುತ್ತಿದ್ದದ್ದೂ ಹೌದು. ತಗಡಿನದು. ಸಾಲಾಗಿ ನಿಂತ ಕೋಳಿ ಶೆಡ್ಡುಗಳ ನೀಲಿ ತಗಡಿನ ಮಾಡು! ಅದರ ತಳದಿಂದ ಸಾವಿರಾರು ಕುಕ್ಕುಟವೀರರ ರಣಘೋಷ ಏಳುತ್ತಿತ್ತು.

ಸೆರಗು ಸೊಂಟಕ್ಕೆ ಸಿಗಿಸಿದ ಹೆಂಗಸೊಬ್ಬಳು ಕೈ ಒರೆಸಿಕೊಳ್ಳುತ್ತ ಹೊರಬಂದಳು. ಆಕೆಯೇ ನೀಲವ್ವ.

"ಇಲ್ಲಿ ಕೆರಿ ಎಲ್ಲೈತ್ರಿ ಅಕ್ಕಾರ?" ದೇಸಾಯಿ ಕಡೆಯ ಬಾಣ ಬಿಟ್ಟನು.

"ಕೆರೀನಾ? ಇಲ್ಲೇನ್ರಿ?" ನೀಲವ್ವ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದಳು. "ಯಪ್ಪಾ, ಕೋಳಿಗೆ ಕುಡಿಸಾಕ ನಾನ ಟ್ಯಾಂಕರ್ ತರಸ್ತೀನಿ! ನಿಮಗ ಕೆರಿ ಕಂಡ್ರ ನನಗೂ ಹೇಳ್ರಿ, ಪುಣ್ಯಾ ಬರ್ತೈತಿ. ಅಂದಂಗ ನೀವ್ಯಾರು? ಏನ್ ಬಂದಿದ್ರಿ?"

ದೇಸಾಯಿಯ ಕೈ ಕಿಸೆಯ ಮೇಲೆ ಹೋಯಿತು. ದಾಕ್ಷಾಯಣಿ ಆತನನ್ನೇ ನೋಡಿದಳು. ಆ ಕೈ ಕಿಸೆಯನ್ನು ಒತ್ತಿ ಮುಚ್ಚಿ, ಕೆಳಗಿಳಿಯಿತು.

"ಕೋಳಿ ನೋಡಾಕ," ಎಂದನು ಕೆರೆಯ ತಂದೆ.

"ನೋಡ್ರಿ. ಆದ್ರ ಚಪ್ಲಿ ಹೊರಗ ಬಿಡ್ರಿ, ನಿಮ್ಮ ರೋಗಾ ನನ್ನ ಕೋಳಿಗೆ ಬಂದೀತು."

ಇಬ್ಬರು ಮಹಾರಥಿಗಳೂ ಬರಿಗಾಲಲ್ಲಿ ನಿಂತು ಕೋಳಿ ನೋಡಿದರು. ಕೋಳಿಗಳೂ ಅವರನ್ನು ನೋಡಿದವು.

ಮರಳಿ ಬರುವಾಗ ಅದೇ ಯುದ್ಧವು ಮತ್ತೆ ಭುಗಿಲೆದ್ದಿತು. ಬಾಣಗಳು ಮಾತ್ರ ಹಿಂದುಮುಂದಾಗಿದ್ದವು. "ಕೆರಿ ಹೆತ್ತಾಕಿ ನೀವ ಅಲ್ಲೇನ್ರಿ?" ಎಂದು ಆತ. "ಹೆಂಗ್ರಿ ಸರ್, ಮಿತಿ ಇಳಸು ಅಂದ ತಂದಿ ನೀವು," ಎಂದು ಈಕೆ. ಕಚೇರಿ ಮುಟ್ಟುವ ಹೊತ್ತಿಗೆ ಕೆರೆಯು ಅನಾಥವಾಗಿತ್ತು. ಸಂಗತಿ ಕೇಳಿದ ಹಿರೇಗೌಡರು ನೋಟೀಸನ್ನು ಇಸಿದುಕೊಂಡು, ನಾಲ್ಕು ಚೂರು ಮಾಡಿ, "ಆ ಕೆರಿ ನಂದು ಅಂತ ನಾ ಯಾವಾಗ ಅಂದಿದ್ದೆ?" ಎಂದು ಮೀಟಿಂಗಿಗೆ ಹೊರಟುಹೋದರು.

ದಾಕ್ಷಾಯಣಿಯು ತನ್ನ ಸಿಂಹಾಸನವನ್ನೇರಿ, ಮೂಷಕವನ್ನು ಮುಷ್ಟಿಯಲ್ಲಿ ಹಿಡಿದು, ದಿಬ್ಬದ ಮೇಲಿನ ಒಂದುಗಳನ್ನೆಲ್ಲ ಸೊನ್ನೆ ಮಾಡಿದಳು. ಈ ಬದಲಾವಣೆಯನ್ನು ಉಳಿಸಲೇ ಎಂದು ಗಣಕವು ಕೇಳಿತು. ಹೌದು ಎಂದಳು. ಮುನಿಯೊಬ್ಬನು ಸಮುದ್ರವನ್ನೇ ಆಪೋಶನ ತೆಗೆದುಕೊಂಡನೆಂದು ಪುರಾಣ ಹೇಳುತ್ತದೆ. ಆತನಿಗೆ ಕೈಯಾದರೂ ಒದ್ದೆಯಾಗಿದ್ದಿರಬೇಕು.

ಸಂಜೆ ಮನೆ ಸೇರಿದಾಗ ಆಕೆಯ ಅವ್ವ ಅಂಗಳದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. "ಏನವಾ, ಇವತ್ತರ ಏನರ ಕೆಲಸಾ ಮಾಡಿದ್ಯೋ, ಬರೇ ಜಗಳಾನೋ?"

"ಒಂದು ಕೆರಿ ಬತ್ತಿಸಿ ಬಂದೆ," ಎಂದಳು ದಾಕ್ಷಾಯಣಿ, ಚಪ್ಪಲಿ ಬಿಡುತ್ತ.

"ಅದಕ್ಕ ನಳಾ ಬಂದಿಲ್ಲ!" ಎಂದಳು ಅವ್ವ. "ಚಪ್ಲಿ ಬಿಡಬ್ಯಾಡ. ಕೊಡಾ ತಗೋ, ಬೋರಿಗೆ ಹೋಗಿ ಎರಡು ಸುತ್ತು ನೀರು ತಗೊಂಬಾ."